ಅಜ್ಜಿ ಮೂಗು ದಪ್ಪ ಬರ್ತಿದೆ, ಫೋನ್ ಬದಲಾಯಿಸ್ಬೇಕಾ?

ಪ್ರಶ್ನೆ: ನಮ್ಮಜ್ಜಿಗೆ 82 ವರ್ಷ, ಸೋಬಾನೆ ಪದ ಚೆನ್ನಾಗಿ ಹೇಳ್ತಾರೆ. ಮೊಬೈಲಲ್ಲಿ ವಿಡಿಯೋ ಮಾಡಿಟ್ಕೊಳ್ಳೋಣ ಅಂದ್ರೆ ಮುಖ ಕಪ್ಪಗೆ, ಹಿಂದಿನ ಬಾಗಿಲು ಬೆಳ್ಳಗೆ ಬರುತ್ತೆ. ಹತ್ರ ಹೋಗಿ ತೆಗೆದ್ರೆ 'ಮೂಗು ಇಷ್ಟು ದಪ್ಪ ಐತೇನೋ ನಂದು' ಅಂತ ಬೈತಾರೆ. ಹೊಸ ಫೋನ್ ತಗೊಳ್ಲಾ?
- ಓದುಗರೊಬ್ಬರು, ಹಾಸನ

ಉತ್ತರ: ಫೋನೇನೂ ಬೇಡ ಕಣ್ರೀ, ಅಜ್ಜಿ ಚಾಪೆ ತಿರುಗಿಸಿ ಹಾಕಿ ಸಾಕು. ಬಾಗಿಲಿಗೆ ಬೆನ್ನು ಮಾಡಿ ಕೂತಿದಾರೆ, ಕ್ಯಾಮೆರಾ ಆ ಬೆಳಕು ನೋಡಿ ಜಾಸ್ತಿ ಆಯ್ತು ಅಂತ ಎಲ್ಲಾನೂ ತಗ್ಗಿಸುತ್ತೆ, ಅದ್ರಲ್ಲಿ ಅಜ್ಜಿ ಮುಖಾನೂ ಮುಳುಗುತ್ತೆ. ಒಂದು ಕೆನ್ನೆಗೆ ಬಾಗಿಲ ಬೆಳಕು ಬೀಳೋ ಹಾಗೆ ಓರೆಯಾಗಿ ಕೂರಿಸಿ. ಜಗಲಿ ನೆರಳಾದ್ರೆ ಇನ್ನೂ ಒಳ್ಳೇದು, ಮಧ್ಯಾಹ್ನದ ಅಂಗಳ ಮಾತ್ರ ಬೇಡ, ನೆತ್ತಿ ಬಿಸಿಲಿಗೆ ಕಣ್ಣು ಎರಡು ಗುಳಿ ಥರ ಕಾಣುತ್ತೆ. ಆಮೇಲೆ ಸ್ಕ್ರೀನಲ್ಲಿ ಅಜ್ಜಿ ಮುಖದ ಮೇಲೆ ಬೆರಳು ಒತ್ತಿ ಹಿಡೀರಿ, ಬಹಳಷ್ಟು ಫೋನಲ್ಲಿ ಫೋಕಸ್ಸು, ಬೆಳಕು ಎರಡೂ ಅಲ್ಲೇ ಲಾಕ್ ಆಗುತ್ತೆ, ಇಲ್ದಿದ್ರೆ ಹಿಂದೆ ಯಾರೋ ಹಾದು ಹೋದ್ರೂ ಚಿತ್ರ ಒಂದ್ಸಲ ಕಪ್ಪು ಒಂದ್ಸಲ ಬಿಳುಪು ಆಗ್ತಾ ಇರುತ್ತೆ.

ಮೂಗಿನ ವಿಷಯದಲ್ಲಿ ಅಜ್ಜಿ ಕಡೆ ನಾನು. ಒಂದಡಿ ದೂರದಿಂದ ತೆಗೆದ್ರೆ ಕಿವಿಗಿಂತ ಮೂಗು ಕ್ಯಾಮೆರಾಗೆ ತೀರಾ ಹತ್ರ ಬರುತ್ತೆ, ಅದಕ್ಕೇ ದಪ್ಪ. ಐದಾರು ಅಡಿ ಹಿಂದೆ ಸರಿದು ಝೂಮ್ 2ಎಕ್ಸ್ ಇಡಿ, ತೀರಾ ಅಗಲಕ್ಕೆ ತೋರಿಸೋ 0.5 ಮುಟ್ಲೇಬೇಡಿ. ಅವರು ನೆಲದ ಮೇಲೆ ಕೂತಿದ್ರೆ ನೀವೂ ಕೂತ್ಕೊಂಡು ಮೊಣಕಾಲ ಮೇಲೆ ಮೊಣಕೈ ಊರಿ, ಕೈ ನಡುಗಲ್ಲ, ಕ್ಯಾಮೆರಾನೂ ಅವರ ಕಣ್ಣಿನ ಮಟ್ಟಕ್ಕೆ ಬರುತ್ತೆ. ನಿಂತು ತೆಗೆದ್ರೆ ಸಿಗೋದು ಬೈತಲೆ ಮಾತ್ರ. ತಲೆ ಮೇಲೆ ಎರಡು ಬೆರಳಷ್ಟು ಜಾಗ ಬಿಡಿ, ಅವರು ಯಾವ ಕಡೆ ನೋಡ್ತಾರೋ ಆ ಕಡೆ ಜಾಸ್ತಿ ಬಿಡಿ.

ದೂರ ಸರಿದ ಮೇಲೆ ದನಿ ಸಣ್ಣಗಾಗುತ್ತಲ್ಲ, ಅದಕ್ಕೆ ಮನೇಲಿರೋ ಇನ್ನೊಂದು ಫೋನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಅಜ್ಜಿ ಪಕ್ಕದಲ್ಲಿಡಿ, ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೀರಿ, ಆಮೇಲೆ ಎಡಿಟ್ ಮಾಡೋವಾಗ ಆ ಚಪ್ಪಾಳೆ ಹಿಡ್ಕೊಂಡು ಎರಡನ್ನೂ ಹೊಂದಿಸ್ಬಹುದು. ಫ್ಯಾನ್ ಆಫ್ ಮಾಡಿ. ಕುಕ್ಕರೂ ಇಳಿಸಿ, ನಮ್ಮ ದೊಡ್ಡಮ್ಮನ ಹಾಡಲ್ಲಿ ಏಳು ವಿಷಲ್ ಇದೆ, ಈಗ ಅವರಿಲ್ಲ, ವಿಷಲ್ ಹಾಗೇ ಇದೆ. ಪದ ಮುಗಿದ ತಕ್ಷಣ ನಿಲ್ಲಿಸ್ಬೇಡಿ, ಹತ್ತು ಸೆಕೆಂಡ್ ಬಿಡಿ, ಅಜ್ಜಿ ನಗೋದು, ಸೆರಗು ಸರಿ ಮಾಡ್ಕೊಳ್ಳೋದು ಎಲ್ಲಾ ಆಗ್ಲೇ ಸಿಗೋದು.

ಪ್ರಶ್ನೆ: ರಾತ್ರಿ ಟ್ಯೂಬ್‌ಲೈಟಲ್ಲಿ ತೆಗೆದ್ರೆ ವಿಡಿಯೋ ತುಂಬಾ ಪಟ್ಟೆ ಪಟ್ಟೆ ಓಡುತ್ತೆ.
- ಇನ್ನೊಬ್ಬ ಓದುಗರು, ತುಮಕೂರು

ಉತ್ತರ: ನಮ್ಮ ಕರೆಂಟು 50 ಹರ್ಟ್ಸ್, ಆ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತೆ, ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಕ್ಯಾಮೆರಾದಲ್ಲಿ ಸೆಟ್ಟಿಂಗ್ ನಾವೇ ಬದಲಾಯಿಸೋ ಪ್ರೋ ಮೋಡ್ ಇದ್ರೆ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಡಿ, ಪಟ್ಟೆ ಹೋಗುತ್ತೆ. ಇಲ್ಲಾಂದ್ರೆ ಆ ಲೈಟ್ ಆರಿಸಿ ಬೇರೆ ಬಲ್ಬ್ ಹಾಕಿ ನೋಡಿ. ಹಾಂ, ಲೆನ್ಸ್ ಒರೆಸಿದ್ರಾ?