ಆ ಜನರಲ್‌ಗೆ ಗುಂಡಿಕ್ಕುವ ವಿಡಿಯೊ ಅಸಲಿಯೇ?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿಯಲ್ಲಿ ಜರ್ಮನ್ ಜನರಲ್ ಒಬ್ಬನನ್ನು ಕಂಬಕ್ಕೆ ಕಟ್ಟಿ ಅಮೆರಿಕದ ಸೈನಿಕರು ಗುಂಡಿಕ್ಕುವ ವಿಡಿಯೊವನ್ನು ವಿದ್ಯಾರ್ಥಿಯೊಬ್ಬ ತೋರಿಸಿದ. ಅದು ಅಸಲಿಯೇ? ತರಗತಿಯಲ್ಲಿ ತೋರಿಸಬಹುದೇ?

ಉತ್ತರ: ಅಸಲಿಯೇ. ಅದು ಜನರಲ್ ಆಂಟನ್ ಡೋಸ್ಟ್ಲರ್‌ನ ಮರಣದಂಡನೆ. 1945ರ ಡಿಸೆಂಬರ್ 1ರಂದು ನೇಪಲ್ಸ್ ಬಳಿಯ ಅವೆರ್ಸಾದಲ್ಲಿ ಅಮೆರಿಕ ಸೇನೆಯ ಸಂಪರ್ಕ, ಚಿತ್ರೀಕರಣ ವಿಭಾಗವಾದ ಸಿಗ್ನಲ್ ಕೋರ್‌ನವರು ಚಿತ್ರೀಕರಿಸಿದ್ದು. ಶಿಕ್ಷೆ ಜಾರಿಯಾಯಿತು ಎಂಬುದಕ್ಕೆ ಸೇನೆ ಉಳಿಸಿಕೊಂಡ ದಾಖಲೆ ಅದು.

ಆದರೆ ಆ ವಿಡಿಯೊ ನೋಡಿದವರಿಗೆ ಉಳಿಯುವುದು ಕಂಬಕ್ಕೆ ಕಟ್ಟಿಸಿಕೊಂಡು ನಿಂತ ಒಬ್ಬ ವಯಸ್ಸಾದ ಅಸಹಾಯಕ ಮನುಷ್ಯನ ಚಿತ್ರ ಮಾತ್ರ. ನನಗೆ ಕಳವಳ ಇರುವುದು ಇಲ್ಲಿಯೇ. 1944ರ ಮಾರ್ಚ್‌ನಲ್ಲಿ ಲಾ ಸ್ಪೆಜಿಯಾ ಸಮೀಪ ರೈಲ್ವೆ ಸುರಂಗ ಸ್ಫೋಟಿಸಲು ಬಂದ 15 ಅಮೆರಿಕನ್ ಯೋಧರು ಸಮವಸ್ತ್ರದಲ್ಲೇ ಸೆರೆಸಿಕ್ಕರು. ಕಮಾಂಡೊಗಳನ್ನು ಜೀವಸಹಿತ ಬಿಡಬಾರದು ಎಂಬ ಹಿಟ್ಲರ್‌ನ 1942ರ ಆದೇಶದಂತೆ ಅವರನ್ನು ಕೊಲ್ಲಲು ಹೇಳಿದವನು ಡೋಸ್ಟ್ಲರ್. ಕೈಕೆಳಗಿನ ಅಧಿಕಾರಿಗಳು ತಡೆಯಲು ಯತ್ನಿಸಿದರೂ ಆತ ಬಗ್ಗಲಿಲ್ಲ. ಮಾರ್ಚ್ 26ರ ಬೆಳಿಗ್ಗೆ, ವಿಚಾರಣೆಯೇ ಇಲ್ಲದೆ, ಹದಿನೈದೂ ಜನರನ್ನು ಗುಂಡಿಟ್ಟು ಒಂದೇ ಗುಂಡಿಯಲ್ಲಿ ಹೂತರು. ಅದನ್ನು ಯಾವ ಕ್ಯಾಮೆರಾವೂ ಸೆರೆಹಿಡಿಯಲಿಲ್ಲ. ಡೋಸ್ಟ್ಲರ್‌ಗಾದರೆ ವಕೀಲರಿದ್ದರು, 1945ರ ಅಕ್ಟೋಬರ್‌ನಲ್ಲಿ ಮಿಲಿಟರಿ ಆಯೋಗದ ಮುಂದೆ ವಿಚಾರಣೆ ನಡೆಯಿತು. 'ಮೇಲಿನವರ ಆದೇಶ ಪಾಲಿಸಿದೆ' ಎಂಬ ವಾದವನ್ನು ಆಯೋಗ ಒಪ್ಪಲಿಲ್ಲ. ನಿಮ್ಮ ವಿದ್ಯಾರ್ಥಿಗಳು ಚರ್ಚಿಸಬೇಕಾದದ್ದು ಆ ವಾದವನ್ನು.

ಅಸಲಿ, ನಕಲಿ ಗುರುತಿಸಲು ಒಂದು ಸುಳಿವು. ಸಿಗ್ನಲ್ ಕೋರ್‌ನವರು ಹೆಚ್ಚಾಗಿ ಬಳಸುತ್ತಿದ್ದ ಐಮೋ ಕ್ಯಾಮೆರಾಗೆ ಕೈಯಿಂದ ಕೀ ಕೊಡಬೇಕಿತ್ತು; ನೂರು ಅಡಿ ರೀಲು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತಿತ್ತು. ಧ್ವನಿ ದಾಖಲಾಗುತ್ತಿರಲಿಲ್ಲ. ಹಾಗಾಗಿ ಇಂಥ ತುಣುಕುಗಳಲ್ಲಿ ಗುಂಡಿನ ಸದ್ದೋ ಸಂಗೀತವೋ ಕೇಳಿಸಿದರೆ ಯಾರೋ ಆಮೇಲೆ ಸೇರಿಸಿದ್ದು ಎಂದು ಅನುಮಾನಪಡಿ. ಸೇರಿಸಿದವರು ಶೀರ್ಷಿಕೆಯನ್ನೂ ಬದಲಿಸಿರಬಹುದು. 1946ರ ಅಕ್ಟೋಬರ್ 16ರಂದು ನ್ಯೂರೆಂಬರ್ಗ್‌ನಲ್ಲಿ ಹತ್ತು ನಾಜಿ ನಾಯಕರನ್ನು ಗಲ್ಲಿಗೇರಿಸಿದ್ದರ ವಿಡಿಯೊ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ಅಲ್ಲಿ ತೆಗೆದದ್ದು ಶವಗಳ ಫೋಟೊಗಳನ್ನು. ಅದೇ ವರ್ಷ ಮೇ ತಿಂಗಳಲ್ಲಿ ಲ್ಯಾಂಡ್ಸ್‌ಬರ್ಗ್ ಸೆರೆಮನೆಯಲ್ಲಿ ಡಖಾವ್ ನಾಜಿ ಯಾತನಾ ಶಿಬಿರದ ಅಪರಾಧಿಗಳನ್ನು ನೇಣಿಗೇರಿಸಿದ್ದನ್ನು ಸೇನೆ ಚಿತ್ರೀಕರಿಸಿತ್ತು. ಇನ್ನು ಟೋಕಿಯೊದಲ್ಲಿ 1948ರ ಡಿಸೆಂಬರ್ 23ರಂದು ಜಪಾನಿನ ಯುದ್ಧಕಾಲದ ಪ್ರಧಾನಿ ತೋಜೊ ಸೇರಿ ಏಳು ಜನರನ್ನು ಗಲ್ಲಿಗೇರಿಸುವಾಗ ಅಮೆರಿಕದ ಜನರಲ್ ಮೆಕಾರ್ಥರ್ ಕ್ಯಾಮೆರಾಗಳಿಗೆ ಅವಕಾಶವನ್ನೇ ಕೊಡಲಿಲ್ಲ.

ತರಗತಿಯ ವಿಚಾರಕ್ಕೆ ಬಂದರೆ, ಗುಂಡು ಹಾರುವ ಭಾಗ ತೋರಿಸಬೇಡಿ. ಹದಿನಾರು, ಹದಿನೇಳರ ಮಕ್ಕಳಿಗೆ ಒಬ್ಬ ಮನುಷ್ಯ ಸಾಯುವುದನ್ನು ನೋಡಿ ಕಲಿಯುವಂಥದ್ದು ಅದರಲ್ಲಿ ಏನೂ ಇಲ್ಲ. ಮೊದಲು ಆ ಹದಿನೈದು ಜನರ ಕಥೆ ಹೇಳಿ, ಹಿಟ್ಲರ್‌ನ ಆದೇಶವನ್ನೂ ಆಯೋಗದ ತೀರ್ಪನ್ನೂ ಓದಿಸಿ. ಕಂಬದ ಬಳಿ ಕರೆತರುವ ದೃಶ್ಯದಲ್ಲಿ ವಿಡಿಯೊ ನಿಲ್ಲಿಸಿದರೆ ಸಾಕು. ಮೂಲ ಪ್ರತಿಗಾಗಿ ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಸಿಗ್ನಲ್ ಕೋರ್‌ನ 111ನೇ ದಾಖಲೆ ಸಮೂಹವನ್ನು ಹುಡುಕಿ.