ಹೆಡ್‌ಲೈಟ್ ಹಾಕಿದರೆ ಏರುವ ತಾಪಮಾನದ ಮುಳ್ಳು

ಪ್ರಶ್ನೆ: ನನ್ನ ಹಳೆಯ ಕಾರಿನಲ್ಲಿ ಹೆಡ್‌ಲೈಟ್ ಹಾಕಿದ ಕೂಡಲೇ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ತಾಪಮಾನದ ಮುಳ್ಳು ಮೇಲೇರುತ್ತದೆ, ಆರಿಸಿದರೆ ಇಳಿಯುತ್ತದೆ. ಮೀಟರನ್ನೇ ಬದಲಿಸಬೇಕೇ? – ಓದುಗರೊಬ್ಬರು, ಬೆಂಗಳೂರು

ಉತ್ತರ: ದಯವಿಟ್ಟು ಆತುರಪಡಬೇಡಿ. ಎಂಜಿನ್ನಿನ ಶಾಖ ಕ್ಷಣಮಾತ್ರದಲ್ಲಿ ಹೀಗೆ ಏರಿಳಿಯಲಾರದು. ದೋಷವಿರುವುದು ಬಹುಮಟ್ಟಿಗೆ ಅರ್ತಿಂಗಿನಲ್ಲಿ, ಅಂದರೆ ವಿದ್ಯುತ್ ಬ್ಯಾಟರಿಯ ನೆಗೆಟಿವ್ ತುದಿಗೆ ಮರಳುವ ಸಂಪರ್ಕದಲ್ಲಿ. ಕೂಲೆಂಟ್ ಬಿಸಿಯಾದಂತೆ ಸೆನ್ಸರಿನ ರೋಧ ಕಡಿಮೆಯಾಗಿ ಹೆಚ್ಚು ವಿದ್ಯುತ್ ಹರಿಯುತ್ತದೆ, ಮೀಟರು ಅದನ್ನೇ ತಾಪಮಾನವಾಗಿ ತೋರಿಸುತ್ತದೆ. ಒಂಟಿ ತಂತಿಯ ಸೆನ್ಸರಿಗೆ ಎಂಜಿನ್ನೇ ಅರ್ತ್ ಆಗಿರುವುದರಿಂದ, ಡ್ಯಾಶ್‌ಬೋರ್ಡಿನ ಅರ್ತ್ ಸಂಪರ್ಕ ತುಕ್ಕು ಹಿಡಿದು, ಹೆಡ್‌ಲೈಟ್ ಹಾಕಿದಾಗ ಅಲ್ಲಿನ ವೋಲ್ಟೇಜ್ ತುಸು ಏರಿದರೂ ಮುಳ್ಳು ಸುಳ್ಳು ಹೇಳುತ್ತದೆ.

ಹೆಡ್‌ಲೈಟ್ ಉರಿಯುತ್ತಿರುವಾಗ ಬ್ಯಾಟರಿಯ ನೆಗೆಟಿವ್ ತುದಿಗೂ ಡ್ಯಾಶ್‌ಬೋರ್ಡಿನ ಅರ್ತಿಗೂ ನಡುವಿನ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆಯಿರಿ. ಅದು 0.2 ವೋಲ್ಟ್ ಮೀರಿದ್ದರೆ ಸಂಪರ್ಕಗಳನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ. ಸೆನ್ಸರಿನ ತಿರುಪಿನ ಮರೆಗೆ (ಥ್ರೆಡ್‌ಗೆ) ಸೋರದಿರಲೆಂದು ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತುವ ಅಭ್ಯಾಸವೂ ಅರ್ತನ್ನು ಕೆಡಿಸಬಲ್ಲದು.

ಅನುಮಾನ ಉಳಿದರೆ, ಎಂಜಿನ್ ಪೂರ್ತಿ ತಣಿದ ಮೇಲಷ್ಟೇ ಸೆನ್ಸರನ್ನು ಕಳಚಿ, ಥರ್ಮಾಮೀಟರ್ ಇಟ್ಟ ನೀರಿನಲ್ಲಿ ಅದನ್ನು ಕಾಯಿಸುತ್ತಾ, ರೋಧವನ್ನು ಸರ್ವಿಸ್ ಕೈಪಿಡಿಯ ಅಂಕಿಗಳೊಂದಿಗೆ ಹೋಲಿಸಿ. ಸುಮಾರು 900 ಮೀಟರ್ ಎತ್ತರದ ನಿಮ್ಮ ಊರಿನಲ್ಲಿ ನೀರು 100ಕ್ಕಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ ಎಂಬುದನ್ನು ಮರೆಯಬೇಡಿ.