ಬೆರಳು ಎಣಿಸಿ ನೋಡಿ

ಪ್ರಶ್ನೆ: ಯಾರೋ ಬಿಟ್ಟುಹೋದ ಎರಡು ಗಿಡ್ಡ ಕೋಳಿಗಳನ್ನು ತಂದಿದ್ದೇನೆ. ರೇಷ್ಮೆಯಂಥ ಪುಕ್ಕ, ಕಪ್ಪು ಚರ್ಮ. ಕಾಲು ಒರಟಾಗಿ ಊದಿದೆ. ಯಾವ ತಳಿ? ಏನು ಮಾಡಲಿ?
– ಓದುಗರು, ಸಾಗರ

ಉತ್ತರ: ಕಾಲಲ್ಲಿ ಐದು ಬೆರಳಿದ್ದರೆ ಸಿಲ್ಕಿ. ಕಡಕನಾಥಕ್ಕೂ ಚರ್ಮ ಕಪ್ಪೇ, ಆದರೆ ಬೆರಳು ನಾಲ್ಕು, ಪುಕ್ಕ ಮಾಮೂಲಿ. ಕಾಲಿನ ಹುರುಪೆ ಎದ್ದು ನಿಂತಿದ್ದರೆ ಹೆಚ್ಚಾಗಿ ಅದು ನುಸಿ ಕಾಟ. ಕೀಳಬೇಡಿ, ರಕ್ತ ಬರುತ್ತದೆ, ಪಾಪ! ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಒರೆಸಿ, ವ್ಯಾಸಲೀನ್ ದಪ್ಪಗೆ ಹಚ್ಚಿ. ನಮ್ಮ ಸಿಲ್ಕಿಗೂ ಇದನ್ನೇ ಮಾಡಿದ್ದು. ವಾರಗಟ್ಟಲೆ ಬಿಡದೆ ಹಚ್ಚಬೇಕು. ಎದೆಮೂಳೆ ಕೈಗೆ ಚೂಪಾಗಿ ಸಿಕ್ಕರೆ ಸೊರಗಿವೆ ಅಂತ. ನೆನೆಸಿದ ನುಚ್ಚು, ಬೇಯಿಸಿದ ಮೊಟ್ಟೆ ಸ್ವಲ್ಪ ಸ್ವಲ್ಪವೇ ಕೊಡಿ. ಮನೆಕೋಳಿಗಳಿಂದ ಒಂದು ತಿಂಗಳು ದೂರವಿಡಿ. ಸಿಲ್ಕಿ ಪುಕ್ಕ ನೀರು ತಡೆಯುವುದಿಲ್ಲ. ನಿಮ್ಮೂರಿನ ಮಳೆ ಗೊತ್ತಲ್ವಾ, ನೆನೆಯಲು ಬಿಡಬೇಡಿ. ತೂಕಡಿಸುತ್ತಿದ್ದರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ.